ದೂರುವುದೂ ಪ್ರಾರ್ಥನೆಯೇ

ಸಾವಾದ ಮನೆಗೆ ಸಾಂತ್ವನ ಹೇಳಲು ಬರುವ ವಿಶ್ವಾಸಿಗಳ ಬಾಯಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ. ಒಂದು, 'ಎಲ್ಲವೂ ದೇವರ ಚಿತ್ತ' ಎಂಬುದು. ಇನ್ನೊಂದು, 'ವಿಶ್ವಾಸವಿರುವವರು ಹೀಗೆ ಅಳಬಾರದು' ಎಂಬುದು. ನನ್ನ ತಂದೆ ತೀರಿಕೊಂಡ ದಿನಗಳಲ್ಲಿ ಈ ಎರಡನ್ನೂ ನಾನು ಸಾಕಷ್ಟು ಕೇಳಿದ್ದೇನೆ. ಹೇಳಿದವರ ಮನಸ್ಸು ಒಳ್ಳೆಯದೇ ಆಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೂ ಆ ಮಾತುಗಳನ್ನು ಕೇಳಿದ ಮೇಲೆ ನನ್ನ ದುಃಖದ ಜೊತೆಗೆ, ನನ್ನ ವಿಶ್ವಾಸದಲ್ಲೇ ಏನೋ ಕೊರತೆಯಿದೆಯೆಂಬ ಅಳುಕೂ ಸೇರಿಕೊಂಡಿತು. ಅನಂತರ ಕಥೋಲಿಕ ಧರ್ಮಸಭೆ (ಚರ್ಚ್) ಶತಮಾನಗಳಿಂದ ಜಪಿಸುತ್ತ ಬಂದಿರುವ ಪ್ರಾರ್ಥನೆಗಳನ್ನು ನಿಧಾನವಾಗಿ ಓದುತ್ತ ಹೋದಂತೆ, ಆ ಪ್ರಾರ್ಥನೆಗಳು ದುಃಖಿತರ ಬಾಯಿ ಮುಚ್ಚಿಸುವುದೇ ಇಲ್ಲವೆಂಬುದು ಸ್ಪಷ್ಟವಾಯಿತು. ಅಳುವುದಕ್ಕೂ, ದೇವರೆದುರು ದೂರುವುದಕ್ಕೂ, ಮಾತೇ ಹೊರಡದೆ ಸುಮ್ಮನೆ ಕುಳಿತಿರುವುದಕ್ಕೂ ಅಲ್ಲಿ ಮೊದಲೇ ಜಾಗ ಮಾಡಿಡಲಾಗಿದೆ.

ಕೀರ್ತನೆಗಳನ್ನೇ ನೋಡಿ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಪ್ರಲಾಪದ ಕೀರ್ತನೆಗಳು. ಅವುಗಳಲ್ಲಿ ಹೆಚ್ಚಿನವು ಗೋಳಿನಿಂದ ಆರಂಭವಾಗಿ ಕೊನೆಯ ಹೊತ್ತಿಗೆ ಸ್ತುತಿಯ ಕಡೆಗೆ ಹೊರಳುತ್ತವೆ. ಆದರೆ 88ನೆಯ ಕೀರ್ತನೆ ಹಾಗೆ ಹೊರಳುವುದಿಲ್ಲ. ಹಗಲಿರುಳೂ ಮೊರೆಯಿಟ್ಟೆ, ನೀನು ಮುಖ ಮರೆಸಿಕೊಂಡೆ, ಆಪ್ತರನ್ನೆಲ್ಲ ನನ್ನಿಂದ ದೂರ ಮಾಡಿದೆ ಎಂದು ದೇವರನ್ನೇ ನೇರವಾಗಿ ದೂಷಿಸುತ್ತ ಹೋಗುವ ಆ ಕೀರ್ತನೆ, ಕತ್ತಲೆಯೊಂದೇ ತನಗುಳಿದ ಒಡನಾಡಿ ಎಂಬ ಅರ್ಥದ ಮಾತಿನಲ್ಲಿ ನಿಂತುಬಿಡುತ್ತದೆ. ಸಮಾಧಾನದ ಒಂದು ಸಾಲೂ ಅದರ ಬಾಲಕ್ಕೆ ಅಂಟಿಕೊಂಡಿಲ್ಲ. ಆ ಕೀರ್ತನೆಯನ್ನು ಧರ್ಮಸಭೆ ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟಿದೆಯೇ ಎಂದರೆ ಅದೂ ಇಲ್ಲ. ಗುರುಗಳೂ (ಪಾದ್ರಿಗಳೂ) ಧಾರ್ಮಿಕ ಸಹೋದರ ಸಹೋದರಿಯರೂ ದಿನನಿತ್ಯ ಹೇಳುವ ಪ್ರಾರ್ಥನಾವಿಧಿಯಲ್ಲಿ ಅದು ಪ್ರತಿ ಶುಕ್ರವಾರ ರಾತ್ರಿ, ಮಲಗುವ ಮುನ್ನದ ಪ್ರಾರ್ಥನೆಗೆ ಗೊತ್ತಾದ ಕೀರ್ತನೆ. ಅಂದು ಅವರ ಮನಸ್ಸು ಎಷ್ಟೇ ಹಗುರಾಗಿದ್ದರೂ ಅದನ್ನು ಹೇಳಲೇಬೇಕು. ಯಾಕೆಂದರೆ ಆ ರಾತ್ರಿ ಜಗತ್ತಿನ ಎಲ್ಲೋ ಒಂದೆಡೆ, ಆ ಮಾತುಗಳು ಅಕ್ಷರಶಃ ತನ್ನವೇ ಆಗಿರುವ, ಆದರೆ ಅವುಗಳನ್ನು ಉಚ್ಚರಿಸುವ ಶಕ್ತಿಯೂ ಉಳಿದಿಲ್ಲದ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರ ಪರವಾಗಿ ಇನ್ನೊಬ್ಬರ ನಾಲಿಗೆ ಅದನ್ನು ಹೇಳುತ್ತದೆ. ಕಥೋಲಿಕ ಪ್ರಾರ್ಥನೆಯ ಬಗ್ಗೆ ನಾನು ತಿಳಿದುಕೊಂಡ ಸಂಗತಿಗಳಲ್ಲಿ ನನಗೆ ಅತಿ ಹೆಚ್ಚು ನೆಮ್ಮದಿ ಕೊಟ್ಟಿದ್ದು ಇದೇ ಎನ್ನಬೇಕು.

ಶಿಲುಬೆಯ ಮೇಲೆ ಯೇಸುಸ್ವಾಮಿ ಕೂಗಿ ಹೇಳಿದ 'ನನ್ನ ದೇವಾ, ನನ್ನ ದೇವಾ, ನನ್ನನ್ನೇಕೆ ಕೈಬಿಟ್ಟೆ?' ಎಂಬ ಮಾತು 22ನೆಯ ಕೀರ್ತನೆಯ ಮೊದಲ ಸಾಲು. ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುವುದರಿಂದ ಯೇಸುವಿನ ಮನಸ್ಸಿನಲ್ಲಿದ್ದದ್ದು ಆ ಕೊನೆಯ ಭಾಗವೇ, ಆದ್ದರಿಂದ ಅದು ನಿಜವಾದ ಗೋಳಲ್ಲ ಎಂದು ಕೆಲವು ಪ್ರಬೋಧಕರು ವಿವರಿಸುವುದುಂಟು. ಅದು ಅವಸರದ ವಿವರಣೆ ಎಂದೇ ನನ್ನ ಅಭಿಪ್ರಾಯ. ಕೀರ್ತನೆ ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದು ಯೇಸುವಿಗೆ ಖಂಡಿತ ತಿಳಿದಿತ್ತು. ಆದರೆ ಮಾರ್ಕನ ಶುಭಸಂದೇಶ ಅರಮಾಯ ಭಾಷೆಯಲ್ಲೇ ಉಳಿಸಿಕೊಂಡಿರುವ ಆ ಕೂಗು ಮೊದಲ ಸಾಲಿನದು, ಕೊನೆಯ ಸಾಲಿನದಲ್ಲ. ಹೀಗಿರುವಾಗ ನೊಂದ ಮನುಷ್ಯ 'ಏಕೆ' ಎಂದು ಕೇಳುವುದನ್ನು ಅವಿಶ್ವಾಸವೆಂದು ಕರೆಯಲು ಯಾರಿಗೆ ಅಧಿಕಾರವಿದೆ? 2006ರ ಮೇ 28ರಂದು ಆಶ್ವಿಟ್ಸ್ ಮರಣಶಿಬಿರದಲ್ಲಿ ನಿಂತು, ಪ್ರಭುವೇ, ಯಾಕೆ ಮೌನವಾಗಿದ್ದಿರಿ ಎಂದು ಬಹಿರಂಗವಾಗಿ ಕೇಳಿದವರು ಸ್ವತಃ ಜಗದ್ಗುರು (ಪೋಪ್) ಹದಿನಾರನೆಯ ಬೆನೆಡಿಕ್ಟ್. ಆ ಪ್ರಶ್ನೆಗೆ ಅವರು ಅಲ್ಲಿ ಸುಲಭದ ಉತ್ತರವನ್ನು ಕೊಡಲು ಹೋಗಲಿಲ್ಲ.

ಬೆಥಾನಿಯದ ಮಾರ್ತಳ ಮಾತನ್ನೂ ಇಲ್ಲಿ ನೆನೆಯಬೇಕು. ತಮ್ಮ ಲಾಜರ ಕಾಯಿಲೆ ಬಿದ್ದಿದ್ದಾನೆಂದು ಹೇಳಿಕಳುಹಿಸಿದ ಮೇಲೂ ಯೇಸು ಇದ್ದಲ್ಲಿಯೇ ಎರಡು ದಿನ ಉಳಿದರು. ಅವರು ಬರುವ ಹೊತ್ತಿಗೆ ಲಾಜರನನ್ನು ಸಮಾಧಿ ಮಾಡಿ ನಾಲ್ಕು ದಿನಗಳಾಗಿದ್ದವು. ಮಾರ್ತ ಎದುರಿಗೆ ಹೋಗಿ ಮೊದಲು ಹೇಳಿದ್ದು, ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು. ಅದರಲ್ಲಿ ವಿಶ್ವಾಸವೂ ಇದೆ, ಆಕ್ಷೇಪವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಲಾಗದು. ಯೇಸು ಅವಳನ್ನು ಗದರಿಸಲಿಲ್ಲ. ಇನ್ನು ಕೆಲವೇ ಹೊತ್ತಿನಲ್ಲಿ ಲಾಜರನನ್ನು ತಾವೇ ಎಬ್ಬಿಸುವವರಿದ್ದರೂ ಕಣ್ಣೀರಿಟ್ಟರು. ಪುನರುತ್ಥಾನದ ನಿರೀಕ್ಷೆಯಿದ್ದವರು ಅಳಬಾರದೆಂಬ ನಿಯಮವಿದ್ದಿದ್ದರೆ ಅದು ಮೊದಲು ಅನ್ವಯಿಸಬೇಕಾಗಿದ್ದದ್ದು ಅವರಿಗೇ. ಥೆಸಲೋನಿಕದವರಿಗೆ ಸಂತ ಪೌಲರು ಬರೆದ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ ಎಂಬ ಮಾತನ್ನು ಅರ್ಧಕ್ಕೆ ಕತ್ತರಿಸಿ 'ದುಃಖಿಸಬೇಡಿ' ಎಂದಷ್ಟೇ ಉಪದೇಶಿಸುವವರನ್ನು ಕಂಡಾಗ ನನಗೆ ಇದೇ ಪ್ರಸಂಗ ನೆನಪಾಗುತ್ತದೆ.

ಅಳುವನ್ನು ತಡೆದುಕೊಳ್ಳುವುದೇ ಭಕ್ತಿ ಎಂಬ ಭಾವನೆ ಇಂದು ನೆನ್ನೆಯದಲ್ಲ. 387ರಲ್ಲಿ ತಾಯಿ ಮೋನಿಕ ಓಸ್ಟಿಯ ಬಂದರಿನಲ್ಲಿ ತೀರಿಕೊಂಡಾಗ ಸಂತ ಅಗಸ್ಟೀನರಿಗೆ 33ನೆಯ ವರ್ಷ ನಡೆಯುತ್ತಿತ್ತು. ಮೊಮ್ಮಗ ಅಡಿಯೊಡಾಟಸ್ ಗಟ್ಟಿಯಾಗಿ ಅತ್ತಾಗ ಅಲ್ಲಿದ್ದವರೆಲ್ಲ ಸೇರಿ ಅವನನ್ನು ಸುಮ್ಮನಾಗಿಸಿದರು. ವಿಶ್ವಾಸದಲ್ಲಿ ತೀರಿಕೊಂಡವರಿಗಾಗಿ ಗೋಳಾಡುವುದು ತಕ್ಕುದಲ್ಲವೆಂಬುದು ಅವರ ತಿಳಿವಳಿಕೆಯಾಗಿತ್ತು. ಅಗಸ್ಟೀನರು ತಮ್ಮ ಕಣ್ಣೀರನ್ನು ಬಲವಂತವಾಗಿ ಹಿಡಿದಿಟ್ಟುಕೊಂಡರು. ಸಮಾಧಿಯ ಬಳಿ ಬಲಿಪೂಜೆ (ಮಾಸ್) ನಡೆದಾಗಲೂ ಅಳಲಿಲ್ಲ. ಸ್ನಾನ ಮಾಡಿದರೆ ಮನಸ್ಸಿನ ಭಾರ ಇಳಿದೀತೆಂದು ಸ್ನಾನಕ್ಕೆ ಹೋದರು; ಇಳಿಯಲಿಲ್ಲ. ಕೊನೆಗೆ ನಿದ್ದೆ ಮಾಡಿ ಎದ್ದು ಒಬ್ಬರೇ ಇದ್ದಾಗ, ಸಂತ ಅಂಬ್ರೋಸರು ರಚಿಸಿದ ಸಂಜೆಯ ಗೀತೆಯೊಂದರ ಸಾಲುಗಳು ನೆನಪಾಗಿ, ತಾಯಿಯ ನೆನಪು ಉಕ್ಕಿಬಂದು, ದೇವರ ಮುಂದೆ ಮನಸಾರೆ ಅತ್ತರು. ಮುಂದೆ ತಮ್ಮ 'ಆತ್ಮನಿವೇದನೆ' ಎಂಬ ಗ್ರಂಥದಲ್ಲಿ ಇದನ್ನೆಲ್ಲ ಬರೆದಾಗ ಅವರು ಬಿಷಪರಾಗಿದ್ದರು. ತನಗಾಗಿ ಅಷ್ಟು ವರ್ಷ ಅತ್ತ ತಾಯಿಗಾಗಿ ತಾನು ಕ್ಷಣಕಾಲ ಅತ್ತದ್ದನ್ನು ಪಾಪವೆಂದುಕೊಳ್ಳುವವರಿದ್ದರೆ ಅವರು ನಗುವ ಬದಲು ತನಗಾಗಿ ಅಳಲಿ ಎನ್ನುತ್ತಾರೆ. ಆ ಪುಟಗಳಲ್ಲಿ ದುಃಖದ ಬಗ್ಗೆ ಸಿದ್ಧಾಂತ ಹೇಳಬಲ್ಲ ಮಹಾ ಪಂಡಿತನೊಬ್ಬ, ಸಿದ್ಧಾಂತ ಕೈಕೊಟ್ಟಾಗ ತನಗಾದದ್ದನ್ನು ಇದ್ದದ್ದು ಇದ್ದಂತೆ ದಾಖಲಿಸಿದ್ದಾನೆ.

ಅತ್ತು ಹಗುರಾಗುವುದೂ ಎಲ್ಲರಿಗೂ ಒದಗುವುದಿಲ್ಲ. ದುಃಖದ ಮೊದಲ ವಾರಗಳಲ್ಲಿ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು ಕುಳಿತರೆ ಮನಸ್ಸು ಒಂದು ವಾಕ್ಯವನ್ನೂ ಕಟ್ಟಲಾರದು. ಮಣಿಗಳನ್ನು ಎಣಿಸುತ್ತ ಹೇಳುವ ಜಪಸರದ (ರೋಸರಿ) ಬೆಲೆ ನನಗೆ ತಿಳಿದದ್ದು ಆಗಲೇ. ಒಂದು ಸುತ್ತಿಗೆ 53 ಸಲ ಅದೇ 'ನಮೋ ಮರಿಯಾ' ಹೇಳುವುದು ಯಾಂತ್ರಿಕವೆಂದು ಹೊರಗಿನವರು ಮಾತ್ರವಲ್ಲ, ಕಥೋಲಿಕರೇ ಅನೇಕರು ಆಕ್ಷೇಪಿಸುತ್ತಾರೆ. ಆ ಆಕ್ಷೇಪ ಪೂರ್ತಿ ಸುಳ್ಳಲ್ಲ. ಆದರೆ ಕತ್ತಲಲ್ಲಿ ಮೆಟ್ಟಿಲಿಳಿಯುವವನು ಕಂಬಿಯನ್ನು ಹಿಡಿದುಕೊಳ್ಳುವಂತೆ, ಆ ಹೊತ್ತಿನಲ್ಲಿ ಬೇಕಾಗುವುದು ಯೋಚಿಸದೆಯೂ ಕೈಗೆ ಸಿಗುವ ಮಾತು. ಗೆತ್ಸೆಮನೆ ತೋಪಿನಲ್ಲಿ ಯೇಸು ಮೂರನೆಯ ಸಲವೂ ಅದೇ ಮಾತುಗಳನ್ನು ಹೇಳಿ ಪ್ರಾರ್ಥಿಸಿದರೆಂದು ಮತ್ತಾಯನ ಶುಭಸಂದೇಶ ಹೇಳುತ್ತದೆ. ಸಂಕಟದ ತುದಿಯಲ್ಲಿ ಅವರಿಗೂ ಹೊಸ ಮಾತುಗಳು ಬೇಕಾಗಲಿಲ್ಲ. ಮಂಗಳವಾರ ಮತ್ತು ಶುಕ್ರವಾರಗಳಂದು ಜಪಸರದಲ್ಲಿ ಧ್ಯಾನಿಸುವ ದುಃಖದ ರಹಸ್ಯಗಳು, ಅಂದರೆ ಯೇಸುವಿನ ಯಾತನೆಯ ಪ್ರಸಂಗಗಳು, ಆ ತೋಪಿನಿಂದಲೇ ಆರಂಭವಾಗುತ್ತವೆ. ನಮೋ ಮರಿಯಾ ಪ್ರಾರ್ಥನೆಯ ಕೊನೆಯಲ್ಲಿ ನಾವು ಮರಿಯಮ್ಮನವರ ಬಿನ್ನಹವನ್ನು ಬೇಡುವುದು ಎರಡೇ ಗಳಿಗೆಗಳಿಗಾಗಿ: ಈಗ, ಮತ್ತು ನಮ್ಮ ಮರಣದ ಸಮಯದಲ್ಲಿ. ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತವರಿಗೆ ಆ ಎರಡು ಗಳಿಗೆಗಳ ನಡುವಿನ ಅಂತರ ಎಷ್ಟು ಕಿರಿದೆಂಬುದನ್ನು ವಿವರಿಸಬೇಕಾಗಿಲ್ಲ.

ಈ ಒಣಗಿದ ಕಾಲದ ಬಗ್ಗೆ ಯೇಸುಸಭೆಯ ಸ್ಥಾಪಕ ಲೊಯೋಲಾದ ಸಂತ ಇಗ್ನೇಷಿಯಸರು ಕೊಟ್ಟ ಸೂಚನೆಗಳು ಬಹಳ ವ್ಯಾವಹಾರಿಕವಾದವು. ಆತ್ಮ ಕುಗ್ಗಿರುವಾಗ ಹಿಂದೆ ಸಮಾಧಾನದಲ್ಲಿದ್ದಾಗ ಮಾಡಿದ ತೀರ್ಮಾನಗಳನ್ನು ಬದಲಿಸಬಾರದು. ಪ್ರಾರ್ಥನೆ ಬೇಸರವೆನಿಸಿದಾಗ ಅದನ್ನು ಮೊಟಕು ಮಾಡುವ ಬದಲು ಗೊತ್ತಾದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕುಳಿತಿರಬೇಕು. ಮೊದಲನೆಯದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ದುಃಖದ ಭರದಲ್ಲಿ ದೇವಾಲಯಕ್ಕೆ ಹೋಗುವುದನ್ನೇ ಶಾಶ್ವತವಾಗಿ ಬಿಟ್ಟೆನೆಂದು ನಿರ್ಧರಿಸಿದವರನ್ನೂ, ಅದೇ ಭರದಲ್ಲಿ ಪೂರೈಸಲಾಗದ ಹರಕೆಗಳನ್ನು ಹೊತ್ತವರನ್ನೂ ಕಂಡಿದ್ದೇನೆ. ಎರಡನೆಯದರ ಬಗ್ಗೆ ಮಾತ್ರ ನನಗೆ ಸ್ವಲ್ಪ ಅನುಮಾನವಿದೆ. ನಿದ್ದೆಯಿಲ್ಲದೆ, ಊಟ ಸೇರದೆ ಸೊರಗಿದವರು ಪ್ರಾರ್ಥನೆಯನ್ನು ಇನ್ನಷ್ಟು ಎಳೆಯುವುದಕ್ಕಿಂತ ಒಂದು ಚಿಕ್ಕ ಜಪ ಹೇಳಿ ಮಲಗುವುದೇ ಮೇಲು. ಖಿನ್ನತೆ ತಿಂಗಳುಗಟ್ಟಲೆ ಬಿಡದೆ ಕಾಡಿದರೆ ವೈದ್ಯರನ್ನು ಕಾಣಬೇಕು. ಅದು ವಿಶ್ವಾಸದ ಸೋಲಲ್ಲ.

ಬೇಡಿಕೊಂಡದ್ದು ಸಿಗದೇ ಹೋದಾಗ ಏನು ಮಾಡಬೇಕೆಂಬ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣವಾದದ್ದು. ತಮ್ಮ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯಬೇಕೆಂದು ಸಂತ ಪೌಲರು ಮೂರು ಸಲ ಬೇಡಿಕೊಂಡರು. ಮುಳ್ಳು ಅಲ್ಲೇ ಉಳಿಯಿತು, ನನ್ನ ಕೃಪೆ ನಿನಗೆ ಸಾಕು ಎಂಬ ಉತ್ತರ ಬಂತು. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸುವ ರೋಗಿಗಳ ಅಭ್ಯಂಗ ಸಂಸ್ಕಾರವೂ ಗುಣವಾಗುವುದರ ಖಾತರಿಪತ್ರವಲ್ಲ. ಸಂತ ಯಕೋಬರ ಪತ್ರದ ಐದನೆಯ ಅಧ್ಯಾಯವನ್ನು ಆಧರಿಸಿದ ಈ ಸಂಸ್ಕಾರದ ವಿಧಿಯನ್ನು ಜಗದ್ಗುರು ಆರನೆಯ ಪೌಲರು 1972ರಲ್ಲಿ ಪರಿಷ್ಕರಿಸಿದರು. ಅದು ಸಾಯುವ ಗಳಿಗೆಗೆ ಮಾತ್ರ ಮೀಸಲಲ್ಲ, ಗಂಭೀರ ಕಾಯಿಲೆಯಾದಾಗಲೇ ಪಡೆಯಬಹುದು. ಗುರುಗಳನ್ನು ಕರೆಸಿದರೆ ರೋಗಿ ಹೆದರಿಯಾನೆಂದು ಕೊನೆಯ ಉಸಿರಿನವರೆಗೆ ಕಾಯುವ ಕುಟುಂಬಗಳು ಇಂದಿಗೂ ಇವೆ. ಆ ಹೆದರಿಕೆಯಿಂದ ರೋಗಿಗೆ ಪ್ರಜ್ಞೆಯಿದ್ದು ಸಿಗಬಹುದಾಗಿದ್ದ ಧೈರ್ಯವೇ ತಪ್ಪಿಹೋಗುತ್ತದೆ.

ವಿಶ್ವಾಸದ ಅನುಭವವೇ ಮಾಯವಾದವರಿಗಾಗಿ ಫ್ರಾನ್ಸಿನ ಸನ್ಯಾಸಿನಿ ಲಿಸ್ಯೂವಿನ ಸಂತ ತೆರೇಸಾ ಇದ್ದಾರೆ. 1896ರ ಈಸ್ಟರ್ ಕಾಲದಿಂದ, 1897ರ ಸೆಪ್ಟೆಂಬರ್ 30ರಂದು ಕ್ಷಯರೋಗದಿಂದ 24ನೆಯ ವಯಸ್ಸಿನಲ್ಲಿ ಸಾಯುವವರೆಗೂ, ಸ್ವರ್ಗವಿದೆಯೆಂಬ ಆನಂದ ಅವರ ಪಾಲಿಗೆ ಆರಿಹೋಗಿತ್ತು. ಅವರು ವಿಶ್ವಾಸಸಂಗ್ರಹವನ್ನು ('ನಂಬುತ್ತೇನೆ' ಎಂದು ಆರಂಭವಾಗುವ ವಿಶ್ವಾಸದ ಘೋಷಣೆಯನ್ನು) ತಮ್ಮ ರಕ್ತದಲ್ಲಿ ಬರೆದು ಎದೆಯ ಬಳಿ ಇಟ್ಟುಕೊಂಡಿದ್ದರು. ಏನೂ ಅನ್ನಿಸದಿದ್ದರೂ 'ನಂಬುತ್ತೇನೆ' ಎಂದು ಹೇಳುತ್ತಲೇ ಇದ್ದರು.

ಮೃತರಿಗಾಗಿ ಮಾಡುವ ಪ್ರಾರ್ಥನೆಗೆ ಬೇರೆಯದೇ ಒಂದು ಶಕ್ತಿಯಿದೆ: ಅದು ದುಃಖಿತರಿಗೆ ಮಾಡಲು ಒಂದು ಕೆಲಸವನ್ನು ಕೊಡುತ್ತದೆ. ಯುದ್ಧದಲ್ಲಿ ಮಡಿದ ತನ್ನ ಸೈನಿಕರ ಪಾಪಕ್ಷಮೆಗಾಗಿ ಬಲಿಯರ್ಪಿಸಲು ಯೆಹೂದ್ಯರ ಸೇನಾನಾಯಕ ಯೂದ ಮಕ್ಕಬಿಯನು ಹಣ ಸಂಗ್ರಹಿಸಿ ಜೆರುಸಲೇಮಿಗೆ ಕಳುಹಿಸಿದ ಪ್ರಸಂಗ ಬೈಬಲಿನ ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯದಲ್ಲಿದೆ. ಸಾಯುವ ಮುನ್ನ ಮೋನಿಕ ಮಕ್ಕಳಿಗೆ ಹೇಳಿದ್ದೂ ಇದನ್ನೇ: ಈ ದೇಹವನ್ನು ಎಲ್ಲಿಯಾದರೂ ಹೂಳಿ, ಆದರೆ ನೀವು ಎಲ್ಲೇ ಇದ್ದರೂ ಪ್ರಭುವಿನ ಪೀಠದ ಬಳಿ ನನ್ನನ್ನು ನೆನೆಯಿರಿ. ನವೆಂಬರ್ 2ರಂದು ಮೃತ ವಿಶ್ವಾಸಿಗಳೆಲ್ಲರನ್ನೂ ಸ್ಮರಿಸುವ ಪದ್ಧತಿ ಹರಡಿದ್ದು ಕ್ಲೂನಿ ಮಠದ ಮಠಾಧಿಪತಿ ಸಂತ ಓದಿಲೋ ಅವರಿಂದ, ಸುಮಾರು ಒಂದು ಸಾವಿರ ವರ್ಷಗಳ ಹಿಂದೆ. ಮೊದಲ ಮಹಾಯುದ್ಧದಲ್ಲಿ ಯೂರೋಪಿನ ಮನೆಮನೆಯೂ ಶೋಕದಲ್ಲಿದ್ದಾಗ, 1915ರಲ್ಲಿ ಜಗದ್ಗುರು ಹದಿನೈದನೆಯ ಬೆನೆಡಿಕ್ಟ್ ಆ ದಿನ ಪ್ರತಿಯೊಬ್ಬ ಗುರುವೂ ಮೂರು ಬಲಿಪೂಜೆಗಳನ್ನು ಅರ್ಪಿಸಲು ಅನುಮತಿಯಿತ್ತರು. ತಂದೆಯ ಹೆಸರನ್ನು ಬಲಿಪೂಜೆಗೆ ಕೊಡುವಾಗಲೆಲ್ಲ, ಅವರಿಗಾಗಿ ಇನ್ನೂ ಏನಾದರೂ ಮಾಡಬಹುದೆಂಬ ಭಾವ ನನ್ನನ್ನು ಹಿಡಿದು ನಿಲ್ಲಿಸಿದೆ. ಅವರೊಂದಿಗಿನ ಸಂಬಂಧ ಕೇವಲ ನೆನಪಿನದಾಗಿ ಉಳಿಯದೆ, ಕೊಡುವ ಪಡೆಯುವ ಸಂಬಂಧವಾಗಿಯೇ ಮುಂದುವರಿದಿದೆ.

ಆತ್ಮಹತ್ಯೆಯಿಂದ ತಮ್ಮವರನ್ನು ಕಳೆದುಕೊಂಡವರ ವಿಷಯವನ್ನು ಪ್ರತ್ಯೇಕವಾಗಿಯೇ ಹೇಳಬೇಕು, ಏಕೆಂದರೆ ಈ ಪ್ರಾರ್ಥನೆಗಳು ತಮಗೆ ಸಲ್ಲುವುದಿಲ್ಲವೆಂದು ಅವರಲ್ಲಿ ಅನೇಕರು ಈಗಲೂ ನಂಬಿದ್ದಾರೆ. 1917ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ, ಬುದ್ಧಿಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುವ ವಿಧಿಯಿತ್ತು. 1983ರ ಸಂಹಿತೆಯಲ್ಲಿ ಅದು ಇಲ್ಲ. 1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಸಂಗ್ರಹ ತನ್ನ 2282 ಮತ್ತು 2283ನೆಯ ಪರಿಚ್ಛೇದಗಳಲ್ಲಿ ತೀವ್ರ ಮಾನಸಿಕ ಯಾತನೆ ಮನುಷ್ಯನ ಹೊಣೆಗಾರಿಕೆಯನ್ನು ತಗ್ಗಿಸಬಹುದೆಂದೂ, ಅಂಥವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆಂದೂ ಹೇಳುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಮೌನದಲ್ಲಿ ನವೆದ ತಾಯ್ತಂದೆಯರಿದ್ದಾರೆ. ಅವರ ಮಗನ ಅಥವಾ ಮಗಳ ಹೆಸರನ್ನು ಬಲಿಪೂಜೆಯಲ್ಲಿ ಎಲ್ಲರ ಹೆಸರಿನಂತೆಯೇ ಓದಬಹುದು.

ಎಲ್ಲಿಂದ ಆರಂಭಿಸಲಿ ಎಂದು ಯಾರಾದರೂ ಕೇಳಿದರೆ ನಾನು 13ನೆಯ ಕೀರ್ತನೆಯನ್ನು ಸೂಚಿಸುತ್ತೇನೆ. ಅದು ತೀರಾ ಚಿಕ್ಕದು. ಮೊದಲ ಎರಡು ವಚನಗಳಲ್ಲೇ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ, ಭರವಸೆಯ ಮಾತು ಬರುವುದು ಕೊನೆಯಲ್ಲಿ. ಆ ಕೊನೆಯನ್ನು ಹೇಳಲು ಮನಸ್ಸು ಒಪ್ಪದಿದ್ದರೆ ಮೊದಲ ಎರಡು ವಚನಗಳಿಗೇ ನಿಲ್ಲಿಸಿ, ಉಳಿದುದನ್ನು ಬೇರೊಂದು ದಿನ ಹೇಳಿದರೂ ಆದೀತು.