ಸಿಮೆಂಟ್ ಮೂಟೆ ಹೊತ್ತು ಕಟ್ಟಿದ ಕಥೆಗಳ ಕಾಡು

ಪೋರ್ಟ್‌ಲ್ಯಾಂಡ್‌ನಿಂದ ಐ-5 ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೊರಟರೆ, ಸೇಲಂ ದಾಟಿದ ಸ್ವಲ್ಪ ಹೊತ್ತಿಗೆ ಟರ್ನರ್ ಅನ್ನುವ ಪುಟ್ಟ ಊರಿನ ಹತ್ತಿರ ಎನ್‌ಚಾಂಟೆಡ್ ಫಾರೆಸ್ಟ್ ಅನ್ನುವ, ಮಕ್ಕಳ ಕಥೆಗಳ ಮನರಂಜನಾ ಪಾರ್ಕ್ ಸಿಗುತ್ತದೆ. ತಮಿಳುನಾಡಿನ ಸೇಲಂ ಅಲ್ಲ ಮತ್ತೆ, ಇದು ಅಮೆರಿಕದ ಆರೆಗಾನ್ ರಾಜ್ಯದ ರಾಜಧಾನಿ. ಊರಿಂದ ಬಂದಿದ್ದ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಹೋಗಿದ್ವಿ.

ಡಿಸ್ನಿ ತರಹದ ಥಳುಕು ಇಲ್ಲಿಲ್ಲ. ಎತ್ತರದ ಮರಗಳ ನಡುವೆ ಗುಡ್ಡ ಹತ್ತುವ ದಾರಿ, ಪಕ್ಕದಲ್ಲಿ ಸ್ನೋ ವೈಟ್ ಕಥೆಯ ಏಳು ಕುಳ್ಳರ ಮನೆ, 'ಆಲಿಸ್ ಇನ್ ವಂಡರ್‌ಲ್ಯಾಂಡ್' ಕಥೆಯ ಆಲಿಸ್ ಇಳಿದುಹೋದ ಮೊಲದ ಬಿಲ. ಎಲ್ಲ ಸಿಮೆಂಟಿನದ್ದು, ಎಲ್ಲ ಸ್ವಲ್ಪ ಸೊಟ್ಟ. ನನಗೆ ಹಿಡಿಸಿದ್ದೇ ಆ ಸೊಟ್ಟತನ. ಮಾಟಗಾತಿಯ ದೊಡ್ಡ ತಲೆ ಒಂದಿದೆ, ಬಾಯೊಳಗೆ ನುಗ್ಗಿ ಹಿಂದಿನಿಂದ ಜಾರುಬಂಡೆಯಲ್ಲಿ ಇಳಿಯಬೇಕು. ಮಗಳು ಅಲ್ಲಿಂದ ಕದಲಲೇ ಇಲ್ಲ.

ಇದನ್ನು ಕಟ್ಟಿದ್ದು ರೋಜರ್ ಟಾಫ್ಟಿ. ಹೆದ್ದಾರಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ, ಮನೆ ತುಂಬ ಚಿಕ್ಕ ಮಕ್ಕಳು. ಸುತ್ತಮುತ್ತ ಮಕ್ಕಳನ್ನು ಕರೆದುಕೊಂಡು ಹೋಗೋಕೆ ಒಳ್ಳೆ ಜಾಗವೇ ಇಲ್ಲ ಅನ್ನಿಸಿ, 1964ರಲ್ಲಿ 4,000 ಡಾಲರ್‌ಗೆ 20 ಎಕರೆ ಗುಡ್ಡ ಕೊಂಡರು. ಅದೂ ತಿಂಗಳಿಗೆ 50 ಡಾಲರ್ ಕಂತಿನ ಮೇಲೆ! ಕೈಯಲ್ಲಿ ದುಡ್ಡಿರಲಿಲ್ಲ, ಹಾಗಾಗಿ ಸಿಮೆಂಟನ್ನೂ ಒಂದೆರಡು ಮೂಟೆ ಲೆಕ್ಕದಲ್ಲಿ ತಂದು, ಕೆಲಸ ಮುಗಿಸಿ ಬಂದ ಮೇಲೆ, ರಜೆಯ ದಿನಗಳಲ್ಲಿ, ಒಂದೊಂದೇ ಮನೆ ಎಬ್ಬಿಸುತ್ತಾ ಹೋದರು. ನೋಡಿದವರು ಅದನ್ನು 'ಈಡಿಯಟ್ ಹಿಲ್' ಅಂತ ಕರೆದರು. ಪೆದ್ದನ ಗುಡ್ಡ!

ಏಳು ವರ್ಷ ಹೀಗೇ ನಡೆಯಿತು. 1971ರ ಆಗಸ್ಟ್ 8, ಭಾನುವಾರ, ಬಾಗಿಲು ತೆರೆದಾಗ ಬಂದವರು 75 ಜನ. ದೊಡ್ಡವರಿಗೆ 1 ಡಾಲರ್, ಮಕ್ಕಳಿಗೆ 50 ಸೆಂಟ್. ಇದನ್ನು ಹೇಳಿದಾಗ ಅಮ್ಮ, "ಅಲ್ಲ ಕಣೋ, ಅಷ್ಟು ವರ್ಷ ಅವನ ಹೆಂಡತಿ ಏನೂ ಅನ್ನಲಿಲ್ವಾ?" ಅಂದರು. ನ್ಯಾಯವಾದ ಪ್ರಶ್ನೆ, ಅಲ್ವಾ?

ಆಮೇಲೆ ದೆವ್ವದ ಮನೆ ಬಂತು, ಕೌಬಾಯ್ ಪೇಟೆ ಬಂತು, ರೋಲರ್ ಕೋಸ್ಟರ್ ಬಂತು, 1990ರ ದಶಕದಲ್ಲಿ ಮರದ ದಿಮ್ಮಿಯಲ್ಲಿ ಕೂತು ನೀರಿಗೆ ಧುಮುಕುವ ರೈಡ್ ಕೂಡ. ಟಾಫ್ಟಿಯವರ ಮಕ್ಕಳು ಬೆಳೆದು ಇಲ್ಲೇ ಕೆಲಸಕ್ಕೆ ನಿಂತರು. ಒಳಗೆ ಕೇಳುವ ಸಂಗೀತ ಅವರ ಮಗಳು ಸೂಸನ್ ಮಾಡಿದ್ದು. ಹೊರಗಿನ ಕಂಪನಿಗೆ ಮಾರಿಕೊಳ್ಳಲಿಲ್ಲ ಅನ್ನೋದು ದೊಡ್ಡ ಮಾತು.

ಗೋಡೆ ಮೇಲೆ ಕೂತ ಹಂಪ್ಟಿ ಡಂಪ್ಟಿಯನ್ನೂ ನೋಡಿದ್ವಿ. 2014ರಲ್ಲಿ ಇಬ್ಬರು ಆ ಗೋಡೆ ಹತ್ತಲು ಹೋಗಿ ಪಾಪ ಅವನನ್ನು ನಿಜವಾಗಿಯೂ ಬೀಳಿಸಿ ಒಡೆದುಹಾಕಿದ್ದರಂತೆ. ಶಿಶುವಿಹಾರದ ಪದ್ಯ ಅಕ್ಷರಶಃ ನಡೆದುಹೋಯಿತು!

ಅದಕ್ಕಿಂತ ದೊಡ್ಡ ಪೆಟ್ಟು ಕೋವಿಡ್‌ನದ್ದು. ಆದಾಯ ನಿಂತಿತು, ಸಾಲ ಬೆಳೆಯಿತು, ಅದರ ಮೇಲೆ 2021ರ ಫೆಬ್ರವರಿಯ ಹಿಮಗಾಳಿಗೆ ಮರಗಳು ಉರುಳಿದವು. ಆಗ ಕೈಹಿಡಿದಿದ್ದು ಚಿಕ್ಕವರಿದ್ದಾಗ ಇಲ್ಲಿ ಆಡಿದ್ದ ಜನ. ಆನ್‌ಲೈನ್‌ನಲ್ಲಿ ದುಡ್ಡು ಕೂಡಿಸಿ ಕೊಟ್ಟರು.

ಹೋಗೋದಾದರೆ ಚಳಿಗಾಲ ಬಿಟ್ಟು ಹೋಗಿ, ಆಗ ಮುಚ್ಚಿರುತ್ತದೆ. ಏರುದಾರಿ ಜಾಸ್ತಿ, ಮಂಡಿನೋವಿನ ಹಿರಿಯರಿದ್ದರೆ ಅಲ್ಲಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಹತ್ತಿಸಿ.