ಅಡಿಕೆಯ ಹೆಸರಿನ ಊರಿನಲ್ಲಿ ಹನ್ನೆರಡು ದಿನ

ಮಲೇಷ್ಯಾದ ಪೆನಾಂಗ್ ರಾಜ್ಯದ ಬಾವುಟದ ಮಧ್ಯದಲ್ಲಿ ಒಂದು ಅಡಿಕೆ ಮರ ಇದೆ. ತಿಳಿನೀಲಿ, ಬಿಳಿ, ಹಳದಿ ಮೂರು ಪಟ್ಟಿ, ಬಿಳಿಯ ಮೇಲೆ ಮರ. ಅದರ ರಾಜಧಾನಿ ಜಾರ್ಜ್ ಟೌನಿಗೆ ಹೋದ ಮೊದಲ ಬೆಳಿಗ್ಗೆಯೇ ಅದು ನನ್ನ ಕಣ್ಣಿಗೆ ಬಿತ್ತು. ಇವರ ಕೈ ಹಿಡಿದು ನಿಲ್ಲಿಸಿ ತೋರಿಸಿದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಜ್ಜನ ಕಾಲದಿಂದಲೂ ಅಡಿಕೆ ತೋಟವನ್ನೇ ನಂಬಿದ ಮನೆ ನಮ್ಮದು. ಇವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಇದಾ, ನಮ್ಮ ಮರವನ್ನು ಬಾವುಟದಲ್ಲಿ ಇಟ್ಟುಕೊಂಡ ಊರೂ ಉಂಟಲ್ಲ!" ಅಂದರು.

ಮಲಯ ಭಾಷೆಯಲ್ಲಿ ಪಿನಾಂಗ್ ಅಂದರೆ ಅಡಿಕೆ, ಪುಲಾವ್ ಅಂದರೆ ದ್ವೀಪ. ಪುಲಾವ್ ಪಿನಾಂಗ್ ಅಂದರೆ ಅಡಿಕೆ ದ್ವೀಪ. ಇದು ಗೊತ್ತಿದ್ದೇ ಆ ಊರನ್ನು ಆರಿಸಿದ್ದೆವು ಅಂತ ಹೇಳಿದರೆ ಸುಳ್ಳಾಗುತ್ತದೆ. ಮಗಳು ಬೆಂಗಳೂರಿನಲ್ಲಿ ಕೂತು, ನಡೆದಾಡಲು ಸುಲಭವಾದ, ನಮಗೆ ಊಟ ಸಿಗುವ, ಸಮುದ್ರ ಇರುವ ಪಟ್ಟಣ ಹುಡುಕಿ ಕೊಟ್ಟಳು. ಮಲೇಷ್ಯಾಕ್ಕೆ ನಮ್ಮವರಿಗೆ 30 ದಿನದವರೆಗೆ ವೀಸಾ ಬೇಡ ಅಂತ 2023ರ ಡಿಸೆಂಬರಿನಿಂದ ಆಗಿತ್ತಲ್ಲ, ಅದೂ ಒಂದು ಅನುಕೂಲ.

ಇದಕ್ಕೆ ಮೊದಲು ನಾವು ಹೊರದೇಶಕ್ಕೆ ಹೋದದ್ದು ಒಂದೇ ಸಲ, 2018ರಲ್ಲಿ. ಒಂದು ಟ್ರಾವೆಲ್ಸ್‌ನವರ ಜೊತೆ ಸಿಂಗಾಪುರ, ಮಲೇಷ್ಯಾ, ಐದು ರಾತ್ರಿ ಆರು ಹಗಲು. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಬೇಕು, ಎಲ್ಲಿ ಇಳಿದರೂ ಇಪ್ಪತ್ತೇ ನಿಮಿಷ, ಫೋಟೋ ತೆಗೆದು ಮತ್ತೆ ಬಸ್ಸು. ಸಸ್ಯಾಹಾರ ಖಂಡಿತ ಇರುತ್ತದೆ ಅಂದವರು ಎರಡು ರಾತ್ರಿ ನಮ್ಮನ್ನು ಬಿಸ್ಕತ್ತಿನ ಮೇಲೆ ಮಲಗಿಸಿದರು. ಸಿಂಗಾಪುರದಲ್ಲಿ ಒಂದು ಹಳೆಯ ಬೀದಿಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ. ಅಂಗಡಿಗಳ ಮುಂದೆ ಉದ್ದಕ್ಕೂ ಜಗಲಿ, ಜಗಲಿಯಲ್ಲಿ ಒಬ್ಬ ಮುದುಕ ಪೇಪರ್ ಓದುತ್ತಿದ್ದ. ಅಲ್ಲಿ ಇಳಿದು ಅರ್ಧ ಗಂಟೆ ನಡೆಯುತ್ತೇನೆ ಅಂದೆ. ಆಗುವುದಿಲ್ಲ ಅಂದರು. ಊರಿಗೆ ಬಂದ ಮೇಲೂ ಆ ಬೀದಿ ನನ್ನ ತಲೆಯಿಂದ ಹೋಗಲಿಲ್ಲ.

ನಾನು ಆಗ ಕನ್ನಡ ಶಾಲೆಯಲ್ಲಿ ಟೀಚರ್. ರಜೆ ಸಿಕ್ಕಾಗ ಇವರಿಗೆ ತೋಟದ ಕೆಲಸ, ಇವರಿಗೆ ಬಿಡುವಾದಾಗ ನನಗೆ ಪರೀಕ್ಷೆ. ಹಟ್ಟಿಯಲ್ಲಿ ಎರಡು ದನ. ದನ ಇರುವ ಮನೆಯವರು ಇಬ್ಬರೂ ಒಟ್ಟಿಗೆ ಒಂದು ರಾತ್ರಿ ಹೊರಗೆ ಉಳಿಯುವುದೇ ಕಷ್ಟ, ಇನ್ನು ಹತ್ತು ದಿನ ಎಲ್ಲಿಂದ? ನನಗೆ 56 ಆಗಿ ನಿವೃತ್ತಿ ಬಂತು. ದನಗಳನ್ನು ತಂಗಿಯ ಮನೆಗೆ ಕಳಿಸಿದೆವು, ಬೇಸರದಿಂದಲೇ. ಮನೆ ನೋಡಿಕೊಳ್ಳಲು ಭಾವ ಒಪ್ಪಿದರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಮುಗಿದು, ಮೊದಲ ಕೊಯ್ಲು ಶುರುವಾಗುವ ನಡುವೆ ಸಿಗುವ ಬಿಡುವು ನಮ್ಮದು. ಹಾಗಾಗಿ 2024ರ ಅಕ್ಟೋಬರಿನಲ್ಲಿ ಕಾಸರಗೋಡಿನಿಂದ ರಾತ್ರಿ ರೈಲು ಹತ್ತಿ ಆಲುವದಲ್ಲಿ ಇಳಿದು, ಕೊಚ್ಚಿಯಿಂದ ಕ್ವಾಲಾಲಂಪುರಕ್ಕೆ ವಿಮಾನ. ಅಲ್ಲಿಂದ ಬಟರ್‌ವರ್ತ್‌ಗೆ ಸುಮಾರು ನಾಲ್ಕು ಗಂಟೆಯ ರೈಲು. ಕೊನೆಗೆ ಫೆರಿ. ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು ಅಂತ ನನ್ನ ಹಟ.

ನಾವು ಮಾಡಿಕೊಂಡ ಕ್ರಮ ಇಷ್ಟೇ. ಒಂದು ಪ್ರಯಾಣಕ್ಕೆ ಒಂದೇ ಊರು. ಹತ್ತು ದಿನಕ್ಕೆ ಕಡಿಮೆ ಇಲ್ಲ. ಒಂದೇ ರೂಮು, ಸಂತೆಗೆ ಹತ್ತಿರ, ನೀರು ಕಾಯಿಸಲು ಕೆಟಲ್ ಇರಬೇಕು. ಮೊದಲ ಮೂರು ದಿನ ಟಿಕೆಟ್ ಕೊಟ್ಟು ನೋಡುವ ಜಾಗಕ್ಕೆ ಹೋಗುವ ಹಾಗಿಲ್ಲ, ಸುಮ್ನೆ ಬೀದಿ ಸುತ್ತಬೇಕು. ಈ ಮೂರು ದಿನ ತುಂಬ ಮುಖ್ಯ. ಮೊದಲ ದಿನ ಎಲ್ಲ ಬೀದಿಯೂ ಒಂದೇ ತರಹ ಕಾಣುತ್ತದೆ. ಮೂರನೇ ದಿನಕ್ಕೆ ಯಾವ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಯಾವ ಮೂಲೆಯಲ್ಲಿ ಬಿಸಿಲು ಬೀಳುವುದಿಲ್ಲ ಅಂತ ಗೊತ್ತಾಗುತ್ತದೆ. ಐದನೇ ದಿನ ಹಣ್ಣಿನ ಅಂಗಡಿಯ ಹೆಂಗಸು ನನ್ನನ್ನು ನೋಡಿ ಕೇಳದೆಯೇ ಪಪ್ಪಾಯ ತೂಗಿದಳು. ಆ ಸಂತೋಷ ಬಸ್ಸಿನಲ್ಲಿ ಸಿಗುವಂಥದ್ದಲ್ಲ.

ರೂಮು ಇದ್ದದ್ದು ಚೂಲಿಯಾ ಸ್ಟ್ರೀಟಿನ ಒಂದು ಅಡ್ಡ ಓಣಿಯಲ್ಲಿ, ಟೈಲರ್ ಅಂಗಡಿಯ ಮಹಡಿ. ಚೂಲಿಯಾ ಅಂದರೆ ತಮಿಳುನಾಡಿನ ಕಡೆಯಿಂದ ಹಿಂದೆ ಬಂದ ಮುಸ್ಲಿಂ ವ್ಯಾಪಾರಿಗಳು. ನಾನು ಸಿಂಗಾಪುರದಲ್ಲಿ ಬಸ್ಸಿನಿಂದ ನೋಡಿದ ಆ ಜಗಲಿ ಇಲ್ಲಿ ಬೀದಿ ಬೀದಿಯಲ್ಲೂ ಇದೆ. ಮೇಲೆ ಮನೆ, ಕೆಳಗೆ ಅಂಗಡಿ, ಅಂಗಡಿಯ ಮುಂದೆ ಮಾಡು ಇರುವ ನಡೆಯುವ ದಾರಿ. ಅದಕ್ಕೆ ಕಾಕಿ ಲಿಮಾ ಅನ್ನುತ್ತಾರೆ, ಐದು ಅಡಿ ಅಂತ ಅರ್ಥ. ಸಿಂಗಾಪುರದಲ್ಲಿ 1822ರ ಪಟ್ಟಣ ಯೋಜನೆಯಲ್ಲೇ ಇದನ್ನು ಕಡ್ಡಾಯ ಮಾಡಿದ್ದರಂತೆ. ಮಳೆ, ಬಿಸಿಲು ಎರಡೂ ಜಾಸ್ತಿ ಇರುವ ಊರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ನಮ್ಮ ಕಾಸರಗೋಡಿನ ಪೇಟೆಗೂ ಇಂಥ ಒಂದು ಜಗಲಿ ಇದ್ದಿದ್ದರೆ ಜೂನ್ ತಿಂಗಳಲ್ಲಿ ಕೊಡೆ ಹಿಡಿದು ಒಬ್ಬರನ್ನೊಬ್ಬರು ತಳ್ಳಿಕೊಂಡು ಹೋಗುವುದು ತಪ್ಪುತ್ತಿತ್ತು.

ಮತ್ತೆ ಭಾಷೆ. ನಮ್ಮ ಜಿಲ್ಲೆಯನ್ನು ಸಪ್ತ ಭಾಷೆಗಳ ನಾಡು ಅನ್ನುತ್ತಾರಲ್ಲ, ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ಕೆಲಸದವರ ಹತ್ತಿರ ತುಳು, ಆಫೀಸಿನಲ್ಲಿ ಮಲಯಾಳ, ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಾಯಿಸುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಜಾರ್ಜ್ ಟೌನಿನಲ್ಲೂ ಹಾಗೆಯೇ. ಕಾಫಿ ಅಂಗಡಿಯ ಹುಡುಗ ಒಳಗೆ ಅಮ್ಮನ ಹತ್ತಿರ ಹೊಕ್ಕಿಯನ್ ಚೀನೀ ಭಾಷೆ, ಪಕ್ಕದ ಮೇಜಿನವರ ಹತ್ತಿರ ಮಲಯ, ನಮ್ಮ ಹತ್ತಿರ ಇಂಗ್ಲಿಷ್. ಹೂ ಮಾರುವವರು ತಮಿಳು. ನಮಗೆ ಅದೇನೂ ಗೊಂದಲ ಅನಿಸಲಿಲ್ಲ, ಮನೆಯ ಹತ್ತಿರವೇ ಇದ್ದ ಹಾಗಿತ್ತು. ಹತ್ತು ನಿಮಿಷದ ನಡಿಗೆಯೊಳಗೆ 1833ರ ಮಹಾಮಾರಿಯಮ್ಮನ ದೇವಸ್ಥಾನ, ಕಪಿತಾನ್ ಕೆಲಿಂಗ್ ಮಸೀದಿ, ಚೀನೀಯರ ಕರುಣಾದೇವಿಯ ಗುಡಿ, 1818ರ ಸೇಂಟ್ ಜಾರ್ಜ್ ಇಗರ್ಜಿ ಎಲ್ಲ ಸಿಗುತ್ತವೆ. ಇಡೀ ಹಳೆಯ ಪಟ್ಟಣವನ್ನು ಯುನೆಸ್ಕೋ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ಮಲಾಕ್ಕಾದ ಜೊತೆಗೆ.

ಸಮುದ್ರದ ಬದಿಯಲ್ಲಿ ಚೀನೀ ಕುಟುಂಬಗಳ ಜೆಟ್ಟಿಗಳಿವೆ. ನೀರಿನಲ್ಲಿ ಕಂಬ ನಿಲ್ಲಿಸಿ ಮೇಲೆ ಮರದ ಮನೆಗಳು, ಮನೆಗಳ ನಡುವೆ ಹಲಗೆಯ ದಾರಿ. ಒಂದೊಂದು ಜೆಟ್ಟಿಗೆ ಒಂದೊಂದು ಮನೆತನದ ಹೆಸರು, ಚ್ಯೂ, ಲಿಮ್, ತಾನ್, ಲೀ ಹೀಗೆ. ನಮ್ಮಲ್ಲಿ ಮನೆತನದ ಮೂಲ ಮನೆಗೆ ತರವಾಡು ಮನೆ ಅಂದ ಹಾಗೆ. ಚ್ಯೂ ಜೆಟ್ಟಿಯಲ್ಲಿ ಜನ ಜಾಸ್ತಿ, ಅಂಗಡಿಗಳೂ ಜಾಸ್ತಿ. ಅದರ ಆಚೆಯ ಒಂದು ಸಣ್ಣ ಜೆಟ್ಟಿಯ ತುದಿಯಲ್ಲಿ ನಾವು ನಾಲ್ಕು ಸಂಜೆ ಕೂತಿದ್ದೇವೆ. ಉಬ್ಬರ ಬಂದಾಗ ಹಲಗೆಯ ಕೆಳಗೆ ನೀರು ಮಾತಾಡುತ್ತದೆ.

ಹೊರಡುವಾಗ ನನಗೆ ಒಂದು ಅಳುಕಿತ್ತು. ನಮ್ಮ ದಿನಗಳು ಸರಿಯಾಗಿ ನವರಾತ್ರಿಯ ಮೇಲೆ ಬಿದ್ದಿದ್ದವು. ಮನೆಯಲ್ಲಿ ಆ ಒಂಬತ್ತು ದಿನ ನೀರುಳ್ಳಿ ಬೆಳ್ಳುಳ್ಳಿ ಇಲ್ಲ, ರಾತ್ರಿ ಒಂದು ಹೊತ್ತು ಪಾರಾಯಣ. ಅದನ್ನೆಲ್ಲ ಬಿಟ್ಟು ಸುತ್ತಲು ಹೊರಟೆನಲ್ಲ ಅಂತ ರೈಲಿನಲ್ಲಿ ನಿದ್ದೆ ಬರಲಿಲ್ಲ. ಅಲ್ಲಿ ಹೋಗಿ ನೋಡಿದರೆ ಬೀದಿಯುದ್ದಕ್ಕೂ ಹಳದಿ ಬಾವುಟ! ಚೀನೀಯರ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಒಂಬತ್ತು ಚಕ್ರವರ್ತಿ ದೇವರುಗಳ ಹಬ್ಬ. ಚಾಂದ್ರಮಾನದ ಲೆಕ್ಕ ಆದ್ದರಿಂದ ಹೆಚ್ಚಿನ ವರ್ಷ ನಮ್ಮ ನವರಾತ್ರಿಯ ಜೊತೆಗೇ ಬರುತ್ತದೆ. ಆ ವರ್ಷ ಎರಡೂ ಅಕ್ಟೋಬರ್ 3ಕ್ಕೆ ಶುರು. ಆ ಒಂಬತ್ತು ದಿನ ಭಕ್ತರು ಬಿಳಿ ಬಟ್ಟೆ ಉಡುತ್ತಾರೆ, ಮಾಂಸ ಮೀನು ಮುಟ್ಟುವುದಿಲ್ಲ. ನೀರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅದನ್ನು ಕೇಳಿದಾಗ ನನಗೆ ನಿಜವಾಗಿ ಕಣ್ಣು ತುಂಬಿತು. ಎಲ್ಲಿಯ ಬದಿಯಡ್ಕ, ಎಲ್ಲಿಯ ಪೆನಾಂಗ್, ಒಂದೇ ದಿನ ಒಂದೇ ವ್ರತ. ಹಳದಿ ಬಾವುಟ ಕಂಡಲ್ಲೆಲ್ಲ ಧೈರ್ಯವಾಗಿ ಕೂತು ಉಂಡೆವು. ಅಕ್ಕಿ ಶಾವಿಗೆ, ತೋಫು, ಕಮಲದ ದಂಟು, ಏನೇನೋ ಅಣಬೆ. ಸಂಜೆ ಮಾರಿಯಮ್ಮನ ಗುಡಿಯಲ್ಲಿ ನವರಾತ್ರಿ ಪೂಜೆ. ಒಂದು ಸಂಜೆ ಚೀನೀ ಗುಡಿಯಲ್ಲಿ ಊದುಬತ್ತಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು ನನ್ನ ಹಣೆಯ ಕುಂಕುಮ ನೋಡಿ, ತಮ್ಮ ಕೈಯ ಕಿತ್ತಳೆಯಲ್ಲಿ ಒಂದನ್ನು ನನಗೆ ಕೊಟ್ಟರು. ಭಾಷೆ ಬರಲಿಲ್ಲ. ಇಬ್ಬರೂ ಕೈ ಮುಗಿದೆವು.

ಪೆನಾಂಗ್ ಹಿಲ್‌ಗೆ ಹಗ್ಗದ ರೈಲಿನಲ್ಲಿ ಒಂದು ದಿನ ಹೋಗಿ ಬಂದೆವು. ಚಂದ ಇದೆ, ಜನ ಜಾಸ್ತಿ. ಬೆಳಿಗ್ಗೆ ಬೇಗ ಹೋಗಿ.

ಒಂದು ಸಂಗತಿ ಇವರನ್ನು ಕಾಡಿತು. ಹೆಸರು ಅಡಿಕೆಯದ್ದು, ಬಾವುಟ ಅಡಿಕೆಯದ್ದು, ಪೇಟೆಯಲ್ಲಿ ಮಾತ್ರ ಅಡಿಕೆ ತಿನ್ನುವವರೇ ಕಾಣಲಿಲ್ಲ. ಲಿಟ್ಲ್ ಇಂಡಿಯಾದ ಹೂವಿನ ಅಂಗಡಿಯಲ್ಲಿ ಪೂಜೆಗೆ ವೀಳ್ಯದೆಲೆ ಇತ್ತು, ಅಷ್ಟೇ. ಅಲ್ಲಿಂದ ಇವರು ಅಡಿಕೆಯ ಹಿಂದೆ ಬಿದ್ದರು. ಇಂಗ್ಲಿಷಿನ ಅರೆಕಾ ಎಂಬ ಪದ ನಮ್ಮ ಕರಾವಳಿಯದ್ದೇ, ಮಲಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಹೋಗಿ ಹಾಗಾದದ್ದು. ಬೀಟಲ್ ಅನ್ನುವುದು ವೆಟ್ಟಿಲ. ಇದನ್ನೆಲ್ಲ ರಾತ್ರಿ ಮೊಬೈಲಿನಲ್ಲಿ ಓದಿ ನನಗೆ ಹೇಳುತ್ತಿದ್ದರು. ಎಲೆ ಅಡಿಕೆ ತಿನ್ನುವವರನ್ನು ಕಾಣಬೇಕು ಅಂತ ಮುಂದಿನ ಊರು ವಿಯೆಟ್ನಾಮಿನ ಹನೋಯ್ ಅಂತ ಆಯಿತು.

ಹನೋಯ್‌ಗೆ ಹೋದದ್ದು ಕಳೆದ ನವೆಂಬರಿನಲ್ಲಿ. ಇ-ವೀಸಾ ಮನೆಯಲ್ಲೇ ಕೂತು ಮಾಡಿಸಬಹುದು, ಈಗ 90 ದಿನದವರೆಗೂ ಕೊಡುತ್ತಾರೆ. ಶುರು ಮಾತ್ರ ಕೆಟ್ಟದಾಗಿತ್ತು. ಬುಕ್ ಮಾಡಿದ ರೂಮಿಗೆ ಫೋಟೋದಲ್ಲಿ ದೊಡ್ಡ ಕಿಟಕಿ, ಹೋಗಿ ಪರದೆ ಸರಿಸಿದರೆ ಗೋಡೆ. ಎರಡು ರಾತ್ರಿ ಇದ್ದು ಬೇರೆ ಕಡೆ ಹೋದೆವು, ಕಟ್ಟಿದ ದುಡ್ಡು ವಾಪಸ್ ಬರಲಿಲ್ಲ. ಹಳೆಯ ಪೇಟೆಯಲ್ಲಿ ಕಿಟಕಿ ಇಲ್ಲದ ರೂಮು ಬೇಕಾದಷ್ಟಿವೆ. ಮೊದಲೇ ಬರೆದು ಕೇಳಿ.

ಆ ಹಳೆಯ ಪೇಟೆಗೆ 36 ಬೀದಿಗಳು ಅಂತಲೇ ಹೆಸರು. ಒಂದೊಂದು ಬೀದಿಯಲ್ಲಿ ಒಂದೊಂದು ಸಾಮಾನು ಮಾರುತ್ತಿದ್ದರು, ಅದೇ ಬೀದಿಯ ಹೆಸರಾಯಿತು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಚಿಯೆವ್ ಚಾಪೆಯ ಬೀದಿ, ಹಾಂಗ್ ದುಯೊಂಗ್ ಸಕ್ಕರೆಯ ಬೀದಿ. ರಸ್ತೆ ದಾಟಲು ಎರಡು ದಿನ ಹೆದರಿದೆ. ಬೈಕುಗಳು ಹೊಳೆಯ ಹಾಗೆ ಬರುತ್ತವೆ. ಓಡಬಾರದು, ನಿಲ್ಲಬಾರದು, ಒಂದೇ ವೇಗದಲ್ಲಿ ನಿಧಾನ ನಡೆದರೆ ಅವರೇ ಸುತ್ತಿ ಹೋಗುತ್ತಾರೆ. ಊಟಕ್ಕೆ 'ಚಾಯ್' ಎಂಬ ಮಾತು ಕಲಿತುಕೊಳ್ಳಿ, ಸಸ್ಯಾಹಾರ ಅಂತ. ಅಮಾವಾಸ್ಯೆ ಕಳೆದ ಪಾಡ್ಯಕ್ಕೆ ಮತ್ತು ಹುಣ್ಣಿಮೆಗೆ ಅಲ್ಲಿಯ ಬೌದ್ಧರು ಬಹಳ ಜನ ಸಸ್ಯಾಹಾರ ಮಾಡುತ್ತಾರೆ, ಆವತ್ತು ಹುಡುಕುವ ಕಷ್ಟವೇ ಇಲ್ಲ.

ದೋಂಗ್ ಸ್ವಾನ್ ಮಾರುಕಟ್ಟೆಯ ಹೊರಗೆ ಇವರಿಗೆ ಬೇಕಾದದ್ದು ಸಿಕ್ಕಿತು. ಒಬ್ಬ ಅಜ್ಜಿ, ಮುಂದೆ ಬಿದಿರಿನ ತಟ್ಟೆ, ತಟ್ಟೆಯಲ್ಲಿ ಹಸಿರು ಅಡಿಕೆ ಗೊನೆ, ವೀಳ್ಯದೆಲೆ, ಸುಣ್ಣದ ಡಬ್ಬಿ. ಹಲ್ಲು ಕಪ್ಪು. ನಮ್ಮ ಅಜ್ಜಿಯ ಮುಖವೇ ಕಂಡ ಹಾಗಾಯಿತು. ವಿಯೆಟ್ನಾಮಿನಲ್ಲಿ ಮದುವೆಯ ಮಾತುಕತೆಗೆ ಅಡಿಕೆ ವೀಳ್ಯದೆಲೆ ಇಲ್ಲದೆ ಆಗುವುದಿಲ್ಲ. ವೀಳ್ಯದಿಂದಲೇ ಮಾತು ಶುರು ಅಂತ ಅವರಲ್ಲಿ ಗಾದೆ ಇದೆ. ಮನೆಯ ಹಿಂದೆ ಬಾಳೆ, ಮುಂದೆ ಅಡಿಕೆ ಅಂತ ಇನ್ನೊಂದು. ಒಂದು ಕಥೆಯೂ ಇದೆ. ಅಣ್ಣ, ತಮ್ಮ, ಅಣ್ಣನ ಹೆಂಡತಿ. ಬೇಸರದಿಂದ ಮನೆ ಬಿಟ್ಟ ತಮ್ಮ ಹೊಳೆಯ ಬದಿಯಲ್ಲಿ ಸತ್ತು ಸುಣ್ಣದ ಕಲ್ಲಾದ, ಹುಡುಕಿ ಬಂದ ಅಣ್ಣ ಅಲ್ಲೇ ಅಡಿಕೆ ಮರವಾದ, ಹೆಂಡತಿ ಬಂದು ಮರಕ್ಕೆ ಸುತ್ತಿದ ವೀಳ್ಯದ ಬಳ್ಳಿಯಾದಳು. ಮೂರನ್ನೂ ಒಟ್ಟು ಅಗಿದರೆ ಕೆಂಪು. ಎಲೆ ಅಡಿಕೆ ಹಾಕುವ ನಮ್ಮವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇವರು ಆ ಅಜ್ಜಿಯ ಎದುರು ಕೂತೇಬಿಟ್ಟರು. ಮೊಬೈಲಿನಲ್ಲಿ ನಮ್ಮ ತೋಟದ ಫೋಟೋ, ಅಂಗಳದಲ್ಲಿ ಒಣಗಲು ಹರಡಿದ ಹಣ್ಣಡಿಕೆಯ ಫೋಟೋ ತೋರಿಸಿದರು. ಅವರು ಕಣ್ಣು ಕಿರಿದು ಮಾಡಿ ಒಂದೊಂದನ್ನೇ ನೋಡಿ, ಪಕ್ಕದ ತರಕಾರಿಯವಳನ್ನೂ ಕರೆದು ತೋರಿಸಿದರು. ಆಮೇಲೆ ಎಲೆಯನ್ನು ಕತ್ತರಿಸಿ ಮಡಚಿ, ಹಕ್ಕಿಯ ರೆಕ್ಕೆಯ ಹಾಗೆ ಮಾಡಿ, ಒಳಗೆ ಹಸಿ ಅಡಿಕೆಯ ಹೋಳಿಟ್ಟು ಕೊಟ್ಟರು. ಇವರು ಇನ್ನೊಂದು ಎಲೆ ತೆಗೆದುಕೊಂಡು, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ನಮ್ಮ ಕ್ರಮದಲ್ಲಿ ಮಡಚಿ ಎರಡೂ ಕೈಯಲ್ಲಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲು ಅವರು ಒಪ್ಪಲೇ ಇಲ್ಲ. ಮುಂದಿನ ಆರು ದಿನವೂ ಇವರು ಬೆಳಿಗ್ಗೆ ಕಾಫಿ ಆದ ಮೇಲೆ ಅಲ್ಲಿಗೆ ಹೋಗಿ ಬಂದರು. ಅಡಿಕೆ ಆರೋಗ್ಯಕ್ಕೆ ಒಳ್ಳೆಯದಲ್ಲ, ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿ ವರ್ಷಗಳಾದವು. ಅದು ನಮಗೂ ಗೊತ್ತು, ಆ ಮಾತು ಬಂದಾಗಲೆಲ್ಲ ನಮ್ಮಂಥ ಮನೆಗಳಲ್ಲಿ ಮೌನ. ಹನೋಯ್‌ನಲ್ಲೂ ಹುಡುಗರು ಯಾರೂ ತಿನ್ನುವುದಿಲ್ಲ, ಅಜ್ಜಿಯಂದಿರು ಮಾತ್ರ.

ವಾಪಸ್ ಬರುವಾಗ ಬ್ಯಾಂಕಾಕಿನಲ್ಲಿ ಮೂರು ದಿನ ಇದ್ದೆವು. ನಮ್ಮ ಕ್ರಮ ತಪ್ಪಿತು, ಹಾಗಾಗಿ ಆ ಊರಿನ ಬಗ್ಗೆ ಏನೂ ಹೇಳಲಾರೆ. ಚಾವ್ ಫ್ರಾಯಾ ನದಿಯ ದೋಣಿ ಮಾತ್ರ ಇಷ್ಟ ಆಯಿತು. ಅಲ್ಲಿ 1940ರ ದಶಕದಲ್ಲಿ ಪ್ರಧಾನಿ ಫಿಬುನ್ ಎಲೆ ಅಡಿಕೆ ತಿನ್ನುವುದನ್ನೇ ನಿಷೇಧಿಸಿದ್ದರು. ಪೇಟೆಯಲ್ಲಿ ನಮಗೆ ಅದರ ಗುರುತೂ ಕಾಣಲಿಲ್ಲ.

ಮನೆಗೆ ಬಂದಾಗ ಬೆಳಿಗ್ಗೆ ಎಂಟು ಗಂಟೆ. ಭಾವ ಮೊದಲ ಕೊಯ್ಲಿನ ಅಡಿಕೆಯನ್ನು ಅಂಗಳದಲ್ಲಿ ಹರಡಿ ಆಗಿತ್ತು. ಚಾ ಕುಡಿಯುತ್ತಾ ಇವರು ಹನೋಯ್‌ನ ಅಜ್ಜಿಯ ವಿಷಯ ಹೇಳಿದರು. ಭಾವ ಎಲ್ಲ ಕೇಳಿ, "ಅಲ್ಲಿ ಧಾರಣೆ ಎಷ್ಟು ಉಂಟು?" ಅಂದರು.

"ಅಜ್ಜಿ ತೂಗುವುದಿಲ್ಲ ಭಾವ," ಅಂದರು ಇವರು. "ಒಂದೊಂದೇ ಎಣಿಸಿ ಕೊಡುತ್ತಾರೆ."