ಉಷ್ಣಮಾಪಕ ಹೇಳದ ಚಳಿ

ಚಳಿಗಾಲದಲ್ಲಿ ಹೊರಗೆ ನಿಂತು ದುಡಿಯುವವರು ಬೆಳಿಗ್ಗೆ ಎದ್ದೊಡನೆ ಉಷ್ಣತೆ ಎಷ್ಟಿದೆಯೆಂದು ನೋಡುತ್ತಾರೆ. ಅದು ಸೊನ್ನೆಗಿಂತ ಸಾಕಷ್ಟು ಮೇಲಿದ್ದರೆ ಧೈರ್ಯವಾಗಿ ಹೊರಡುತ್ತಾರೆ. ನಾನೂ ಹಾಗೆ ಹೊರಟವನೇ. ತುಂತುರು ಮಳೆಯಿದ್ದ ಅಂಥದೊಂದು ದಿನ, ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿದ್ದ ಸ್ಪ್ಯಾನರ್ ಎರಡು ಬಾರಿ ಜಾರಿ ಬಿದ್ದ ಮೇಲೆಯೇ ನನ್ನ ಬೆರಳುಗಳು ಮರಗಟ್ಟಿರುವುದು ನನಗೆ ತಿಳಿದದ್ದು.

ಅಪಾಯವನ್ನು ಅಳೆಯಲು ಉಷ್ಣಮಾಪಕವೊಂದೇ ಸಾಲದು. ಗಾಳಿಯನ್ನೂ ಒದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಗಾಳಿಯ ಪ್ರಭಾವವನ್ನು 1940ರ ದಶಕದಲ್ಲಿ ಅಮೆರಿಕದ ಸಂಶೋಧಕರಾದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪಾಸೆಲ್ ಅಂಟಾರ್ಕ್ಟಿಕಾದಲ್ಲಿ, ನೀರು ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆದು ಲೆಕ್ಕ ಹಾಕಿದ್ದರು. ಅಮೆರಿಕ ಮತ್ತು ಕೆನಡಾ 2001ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಮೈನಸ್ 10 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಸುಮಾರು ಮೈನಸ್ 20ರಂತೆ ತಟ್ಟುತ್ತದೆ. ಒದ್ದೆಯಂತೂ ಇನ್ನೂ ಮೋಸದ್ದು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವುದರಿಂದ, ಮಳೆಯಲ್ಲಿ ನೆನೆದ ಹತ್ತಿಯ ಅಂಗಿ ಮೈಯನ್ನು ಬೆಚ್ಚಗಿಡುವ ಬದಲು ಮೈಯ ಬಿಸಿಯನ್ನೇ ಹೀರುತ್ತದೆ. ಗುದ್ದಲಿ ಹಿಡಿದು ಅಗೆಯುವಾಗ ಬೆವರಿ, ಆಮೇಲೆ ಅದೇ ಬಟ್ಟೆಯಲ್ಲಿ ಸುಮ್ಮನೆ ನಿಂತವನ ಗತಿಯೂ ಇದೇ. ಆದ್ದರಿಂದ ದಪ್ಪನೆಯ ಒಂದೇ ಕೋಟಿಗಿಂತ, ಬೆವರುವ ಮುನ್ನವೇ ಕಳಚಬಹುದಾದ ಎರಡು ಮೂರು ಪದರಗಳ ಉಡುಪು ಮೇಲೆಂಬುದು ನನ್ನ ಅನುಭವ.

ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ವೈದ್ಯರು ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಬರುವುದು ನಡುಕ. ಬಳಿಕ ಮಾತು ತೊದಲುತ್ತದೆ, ಹೆಜ್ಜೆ ತಡವರಿಸುತ್ತದೆ, ಕಾರಣವಿಲ್ಲದೆ ಸಿಡುಕು ಹುಟ್ಟುತ್ತದೆ. ಇದರ ದೊಡ್ಡ ತೊಡಕೆಂದರೆ, ಶರೀರದೊಂದಿಗೆ ವಿವೇಚನೆಯೂ ಮಂಕಾಗುವುದರಿಂದ, ತನಗೆ ಏನೋ ಆಗುತ್ತಿದೆಯೆಂಬುದು ಆ ವ್ಯಕ್ತಿಗೇ ಗೊತ್ತಾಗುವುದಿಲ್ಲ. ನಡುಕ ತಾನಾಗಿ ನಿಂತುಹೋದರೆ, ಜೊತೆಯಲ್ಲಿದ್ದವರು ಚಳಿ ಬಿಟ್ಟಿತೆಂದು ಸಮಾಧಾನಪಡಬಾರದು. ಮೈ ಬೆಚ್ಚಗಾಗದೆಯೇ ನಡುಕ ನಿಂತರೆ ಅದು ಪರಿಸ್ಥಿತಿ ಕೈಮೀರುತ್ತಿರುವ ಲಕ್ಷಣ, ತಕ್ಷಣ ವೈದ್ಯಕೀಯ ನೆರವು ಬೇಕು. ಚಳಿಯಲ್ಲಿ ಯಾರನ್ನೂ ಒಂಟಿಯಾಗಿ ಕೆಲಸಕ್ಕೆ ಬಿಡಬಾರದೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ.

ಪಾದಗಳ ವಿಷಯದಲ್ಲಿ ನಾವು ತೋರುವ ಅಸಡ್ಡೆ ಆಶ್ಚರ್ಯ ಹುಟ್ಟಿಸುವಂಥದು. ಗಂಟೆಗಟ್ಟಲೆ ಒದ್ದೆ ಬೂಟಿನಲ್ಲಿದ್ದರೆ, ಹೊರಗಿನ ಉಷ್ಣತೆ 15 ಡಿಗ್ರಿಯಷ್ಟಿದ್ದರೂ ಪಾದದ ರಕ್ತನಾಳಗಳು ಸಂಕುಚಿತಗೊಂಡು ಅಂಗಾಂಶಗಳಿಗೆ ಹಾನಿಯಾಗಬಹುದು. ಚೀಲದಲ್ಲಿ ಇನ್ನೊಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳುವುದೇ ಇದಕ್ಕಿರುವ ಸುಲಭ ಉಪಾಯ. ಕಡುಚಳಿಯಲ್ಲಿ ಬೆರಳು, ಕಿವಿ ಅಥವಾ ಮೂಗು ಬಿಳಿಚಿಕೊಂಡು ಸ್ಪರ್ಶಜ್ಞಾನ ಕಳೆದುಕೊಂಡರೆ ಅವನ್ನು ಉಜ್ಜಬಾರದು, ಹೆಪ್ಪುಗಟ್ಟಿದ ಅಂಗಾಂಶ ಉಜ್ಜಿದಷ್ಟೂ ಹಾಳಾಗುತ್ತದೆ.

ಒಂದು ಗುಟುಕು ಮದ್ಯ ಮೈ ಬಿಸಿ ಮಾಡುತ್ತದೆಂಬ ನಂಬಿಕೆ ಎಲ್ಲ ಕಡೆಯೂ ಇದೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ಅನ್ನಿಸುವುದು ನಿಜ. ಆದರೆ ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತಿರುತ್ತದೆ. ಚಳಿಗೆ ರಕ್ತದೊತ್ತಡವೂ ಏರುವುದರಿಂದ, ಹೃದ್ರೋಗವಿರುವವರು ಹಿಮ ಎತ್ತಿಹಾಕುವಂಥ ಭಾರದ ಕೆಲಸಕ್ಕೆ ಒಮ್ಮೆಲೇ ಕೈಹಾಕಬಾರದು. ಇನ್ನು ವಿರಾಮದಲ್ಲಿ ಮುಚ್ಚಿದ ಡೇರೆಯೊಳಗೆ ಇದ್ದಿಲು ಉರಿಸಿ ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ದಿಗಿಲಾಗುತ್ತದೆ: ಅಲ್ಲಿ ತುಂಬಿಕೊಳ್ಳುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಅದು ತರುವ ತಲೆನೋವು, ಮಂಪರುಗಳನ್ನು ದಿನವಿಡೀ ಚಳಿಯಲ್ಲಿ ದುಡಿದವನು ಬರಿಯ ದಣಿವೆಂದೇ ತಿಳಿದು ಅಲ್ಲೇ ಮಲಗಿಬಿಡುತ್ತಾನೆ.